ಆ ನೂರು ಎಲ್ಲ ಕಡೆ ನಡೆಯಲ್ಲ ಪುಟ್ಟಿ

ಶ್ರೀನಿವಾಸಪುರ

ಪುಟ್ಟಿಗೆ ತಾತನ ಆಶೀರ್ವಾದಗಳು. ನಾವು ಕ್ಷೇಮ. ಮಾವು ಈ ಸಲ ಚೆನ್ನಾಗಿ ಹೂ ಬಿಟ್ಟಿದೆ, ನಿಲ್ಲಬೇಕು ಅಷ್ಟೆ.

ನಿಮ್ಮಮ್ಮ ಫೋನ್ ಮಾಡಿದ್ದಳು. ಟೆಸ್ಟಿನಲ್ಲಿ ಒಂದು ಚದರ ಮೀಟರಿಗೆ ನೂರು ಚದರ ಸೆಂಟಿಮೀಟರ್ ಅಂತ ಬರೆದು, ಮನೆಗೆ ಬಂದು ಅತ್ತೆಯಂತೆ. ಅಳುವಂಥದ್ದೇನಿದೆ? ಮೀಟರಿಗೆ ನೂರು ಸೆಂಟಿಮೀಟರ್ ಅಂತ ನಿನಗೆ ಗೊತ್ತಿತ್ತು. ಅದೇ ನೂರನ್ನ ಚದರಕ್ಕೂ ಹಾಕಿಬಿಟ್ಟೆ.

ಅಂಗಳದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಗೀಚು. ಅದರೊಳಗೆ ಸೆಂಟಿಮೀಟರಿನ ಪುಟ್ಟ ಪುಟ್ಟ ಮನೆಗಳು. ಒಂದು ಸಾಲಿಗೆ ನೂರು ಮನೆ. ಅಂಥ ಸಾಲು ನೂರು. ಅಲ್ಲಿಗೆ 10,000 ಆಯಿತು, ಅಲ್ವಾ? ಘನ ಮೀಟರಾದರೆ ಅಂಥ ಪದರವೂ ನೂರು, 10 ಲಕ್ಷ. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಹಾಗಾಗಿ ಒಂದು ಘನ ಮೀಟರ್ ತೊಟ್ಟಿಗೆ ಸಾವಿರ ಲೀಟರ್ ನೀರು ಹಿಡಿಸುತ್ತದೆ. ಸೊನ್ನೆ ಸೇರಿಸುವ ಮುಂಚೆ ಕೇಳಿಕೋ, ನಾನು ಅಳೆಯುತ್ತಿರುವುದು ಉದ್ದವಾ, ಜಾಗವಾ, ತುಂಬುವುದಾ ಅಂತ.

ನಾನು ಸ್ಕೂಲಿಗೆ ಹೋಗುವಾಗ ರೂಪಾಯಿಗೆ 16 ಆಣೆ. 1957ರ ಏಪ್ರಿಲ್‌ನಲ್ಲಿ ನೂರು ನಯಾ ಪೈಸೆ ಬಂತು, ಆಮೇಲೆ ಸೇರು, ಮಣ ಹೋಗಿ ಕಿಲೋ ಬಂತು. ನಮ್ಮಜ್ಜಿ ಮಾತ್ರ ಸಾಯುವವರೆಗೂ ರಾಗಿಯನ್ನ ಸೇರಿನಲ್ಲೇ ಅಳೆದಳು. ಹೊಲ ಇವತ್ತಿಗೂ ಎಕರೆ, ಗುಂಟೆ ಲೆಕ್ಕವೇ. ನಾನು ಕೆಟ್ಟಿದ್ದೂ ಅಲ್ಲೇ. ಟೊಮೆಟೊ ಇಟ್ಟ ಮೊದಲ ವರ್ಷ, ಗೊಬ್ಬರದ ಚೀಟಿಯಲ್ಲಿ ಹೆಕ್ಟೇರಿಗೆ 100 ಕಿಲೋ ಅಂತಿತ್ತು. ಎಕರೆಯೂ ಹೆಕ್ಟೇರೂ ಒಂದೇ ಅಂದುಕೊಂಡು ಒಂದೆಕರೆಗೆ ಎರಡು ಮೂಟೆ ಯೂರಿಯಾ ಎರಚಿದೆ. ಎಲೆ ಅಂಚೆಲ್ಲ ಸುಟ್ಟುಹೋಯಿತು. ಹೆಕ್ಟೇರ್ ಅಂದರೆ 10,000 ಚದರ ಮೀಟರ್, ಹತ್ತಿರ ಹತ್ತಿರ ಎರಡೂವರೆ ಎಕರೆ. 40 ಕಿಲೋ ಸಾಕಾಗಿತ್ತು. ನಿನಗೆ ಹೋಗಿದ್ದು ಎರಡು ಮಾರ್ಕು, ನನಗೆ ಒಂದು ಬೆಳೆ.

ಈಗ ನನಗೆ ತುಂಬ ಇಷ್ಟದ ಲೆಕ್ಕ ಒಂದಿದೆ. 25 ಮಿಲಿಮೀಟರ್ ಮಳೆ ಅಂತ ಪೇಪರಿನಲ್ಲಿ ಓದುತ್ತೀಯಲ್ಲ, ಮಳೆಯನ್ನ ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಯಾಕೆ ಹೇಳುತ್ತಾರೆ? ಬಿದ್ದ ನೀರು ಹರಿಯದೆ, ಇಂಗದೆ ನಿಂತರೆ ಎಷ್ಟು ಎತ್ತರ ಆಗುತ್ತದೋ ಅದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನಿಂತರೆ ಸರಿಯಾಗಿ ಒಂದು ಲೀಟರ್. ಬೇಕಾದರೆ ಸೆಂಟಿಮೀಟರಿಗೆ ಇಳಿಸಿ ನೋಡು, 100 ಗುಣಿಸು 100 ಗುಣಿಸು 0.1. ಸಾವಿರ ಬರುತ್ತದೆ. ನಮ್ಮ ಮಾಳಿಗೆ 10 ಮೀಟರ್ ಉದ್ದ, 6 ಮೀಟರ್ ಅಗಲ. ಅಂದರೆ 60 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 1,500 ಲೀಟರ್, 200 ಲೀಟರಿನ ಡ್ರಮ್ಮು ಏಳೂವರೆ! ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಇಷ್ಟು ನೀರು ಸುಮ್ನೆ ಚರಂಡಿಗೆ ಹೋಗುತ್ತದೆ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಯುಗಾದಿಗೆ ಬಂದಾಗ ಟೇಪು ಹಿಡಿದು ಮಾಳಿಗೆಯನ್ನ ನೀನೇ ಅಳೆದು ಹೇಳು. ನಾನು ಹೆಜ್ಜೆ ಲೆಕ್ಕದಲ್ಲಿ ಹೇಳಿದ್ದು. ಅಷ್ಟೆಲ್ಲ ಇಲ್ಲ ಅಂತ ನಿಮ್ಮಜ್ಜಿ ಈಗಲೂ ವಾದ ಮಾಡುತ್ತಿದ್ದಾಳೆ.

ನಿನ್ನ ತಾತ