ಅಳಿಯನಿಗೆ ಒಂದು ಕಾಗದ: ಮಲ್ಟಿಟೂಲ್ ಕೊಳ್ಳುವ ಮುಂಚೆ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದ.

ಪ್ಲೈಯರ್, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ಈ ಮಲ್ಟಿಟೂಲ್‌ಗಳಲ್ಲಿ ಲೆದರ್‌ಮನ್ ವೇವ್ ತೆಗೆದುಕೊಳ್ಳಲಾ, ಗರ್ಬರ್ ತೆಗೆದುಕೊಳ್ಳಲಾ, ಇಲ್ಲ ವಿಕ್ಟೋರಿನಾಕ್ಸ್ ಸ್ವಿಸ್‌ಟೂಲಾ ಅಂತ ಕೇಳಿದ್ದೀಯ. ಎರಡು ಸಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಮಾರಾಯ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಮೊದಲ ಸಂಬಳದ ದುಡ್ಡು, ಸಾಮಾನಿನ ಬೆಲೆಯೂ ಕಡಿಮೆಯದ್ದಲ್ಲ. ಒಮ್ಮೆ ಕೊಂಡರೆ ನಿನ್ನ ಮಗನ ಕೈಗೂ ಸಿಗಬೇಕು.

ನೀನು ನೋಡಿದ ವಿಡಿಯೋಗಳಲ್ಲಿ ಕಾಡಿಗೆ ಹೋಗಿ ಕಟ್ಟಿಗೆ ಕೆತ್ತುತ್ತಾರೆ, ಬೆಂಕಿ ಹಾಕುತ್ತಾರೆ. ನಿನ್ನ ಕೆಲಸ ಅದಲ್ಲ. ಮಲ್ಪೆ ದಕ್ಕೆಯಲ್ಲಿ, ಬೋಟು ಬಂದು ನಿಲ್ಲುವಲ್ಲಿ, ಬೋಟಿಗೆ ಜಿಪಿಎಸ್, ವಯರ್‌ಲೆಸ್ ಕೂರಿಸುವುದು. ಅದೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಂತಾಗ, ಎಲ್ಲ ಬೋಟು ಒಟ್ಟಿಗೇ ರಿಪೇರಿಗೆ ಬರುವಾಗ, ಸುರಿಯುವ ಮಳೆಯಲ್ಲಿ. ಹಾಗಾಗಿ ಎಷ್ಟು ಟೂಲ್ ಉಂಟು ಅಂತ ಎಣಿಸುತ್ತಾ ಕೂರಬೇಡ. ಉಪ್ಪುಗಾಳಿಗೆ ಯಾವುದು ತಡೆಯುತ್ತದೆ ಅಂತ ನೋಡು.

ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯುವುದೇ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟುತ್ತದೆ, ಒಳಗಿನ ಕಬ್ಬಿಣವನ್ನು ಕಾಯುವುದು ಅದೇ. ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಅಡುಗೆಮನೆಯ ಒಳ್ಳೆಯ ಸ್ಟೀಲಿನಲ್ಲಿ ಕ್ರೋಮಿಯಂ ನೂರಕ್ಕೆ ಸುಮಾರು 18 ಇದ್ದರೆ, ವೇವ್‌ನ ಚಾಕುವಿಗೆ ಹಾಕುವ 420ಎಚ್‌ಸಿ ಉಕ್ಕಿನಲ್ಲಿ ಸುಮಾರು 13. ಚಾಕುವಿಗೆ ಹರಿತ ನಿಲ್ಲಬೇಕಾದರೆ ಇಂಗಾಲ ಜಾಸ್ತಿ ಬೇಕು, ಆ ಇಂಗಾಲ ಒಂದಷ್ಟು ಕ್ರೋಮಿಯಂ ಅನ್ನು ತನ್ನ ಜೊತೆ ಕಟ್ಟಿಹಾಕುತ್ತದೆ. ಅದಕ್ಕೇ ಮನೆಯ ಲೋಟಕ್ಕಿಂತ ಕಿಸೆಯ ಚಾಕು ಬೇಗ ಕಲೆಯಾಗುವುದು.

ಚಾಕುವಾದರೂ ಒರೆಸಬಹುದು. ಪ್ಲೈಯರ್‌ನ ಕೀಲನ್ನು ಒಮ್ಮೆ ಹತ್ತಿರದಿಂದ ನೋಡು. ಅಲ್ಲಿ ಉಕ್ಕಿಗೆ ಉಕ್ಕು ತಾಗಿಕೊಂಡೇ ಇರುತ್ತದೆ. ಹೊಕ್ಕ ಉಪ್ಪುನೀರು ಬೇಗ ಒಣಗುವುದಿಲ್ಲ, ಗಾಳಿ ಆಡದೆ ಪೊರೆಯೂ ಮತ್ತೆ ಕಟ್ಟುವುದಿಲ್ಲ. ಮೊದಲು ಕೀಲಿನ ಸುತ್ತ ಚಹಾ ಕಲೆಯ ಹಾಗೆ ಕಂದು ಉಂಗುರ. ಆಮೇಲೆ ಒಂದು ದಿನ ಪ್ಲೈಯರ್ ಬಿಡಿಸಲು ಎರಡೂ ಕೈ ಬೇಕಾಗುತ್ತದೆ. ಲೆದರ್‌ಮನ್‌ನವರು ಈಗ ಆರ್ಕ್ ಅಂತ ಒಂದು ತಂದಿದ್ದಾರೆ, ಅದರ ಚಾಕು ಮ್ಯಾಗ್ನಾಕಟ್ ಉಕ್ಕಿನದ್ದು, ತುಕ್ಕಿಗೆ ಚೆನ್ನಾಗಿ ತಡೆಯುತ್ತದೆ, ಸುಳ್ಳಲ್ಲ. ಆದರೆ ಆ ಉಕ್ಕು ಚಾಕುವಿಗೆ ಮಾತ್ರ, ಕೀಲಿಗಲ್ಲ. ಚಾಕುವಿನ ಉಕ್ಕಿನ ಹೆಸರು ಕೇಳಿ ದುಡ್ಡು ಸುರಿಯುವುದು ನಿನ್ನ ಕೆಲಸಕ್ಕೆ ಬೇಡ.

ಈ ಸಾಮಾನು ಹುಟ್ಟಿದ್ದೇ ಪ್ಲೈಯರ್‌ಗಾಗಿ. 1975ರಲ್ಲಿ ಟಿಮ್ ಲೆದರ್‌ಮನ್ ಅನ್ನುವ ಅಮೆರಿಕದವನು ಹಳೇ ಫಿಯೆಟ್ 600 ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದ. ಕಾರು ದಾರಿಯಲ್ಲಿ ಕೈಕೊಡುತ್ತಿತ್ತು, ಕಿಸೆಯಲ್ಲಿ ಚಾಕು ಇತ್ತು, ಪ್ಲೈಯರ್ ಇರಲಿಲ್ಲ. ಅಲ್ಲಿಂದ ಅವನ ಮೊದಲ ಟೂಲ್ ಮಾರುಕಟ್ಟೆಗೆ ಬರುವಾಗ 1983. ಅಷ್ಟು ತಾಳ್ಮೆ ನೋಡು.

ಈಗ ನನ್ನ ಅಭಿಪ್ರಾಯ. ನಿನಗೆ ಸ್ವಿಸ್‌ಟೂಲ್ ಸ್ಪಿರಿಟ್ ಸಾಕು. ದೊಡ್ಡ ಸ್ವಿಸ್‌ಟೂಲ್ ಬೇಡ, ಕಿಸೆ ಎಳೆಯುತ್ತದೆ. ಸ್ಪಿರಿಟ್ ಸುಮಾರು 210 ಗ್ರಾಂ, ಈಗ ಬರುವ ವೇವ್, ಅಂದರೆ ವೇವ್ ಪ್ಲಸ್, ಸುಮಾರು 240. ದಕ್ಕೆಯಲ್ಲಿ ನಾನು ಕಂಡಂತೆ ವಿಕ್ಟೋರಿನಾಕ್ಸ್‌ನ ಪಾಲಿಶ್ ಮಾಡಿದ ಮೈ ನಮ್ಮ ಹವೆಗೆ ಚೆನ್ನಾಗಿ ನಿಲ್ಲುತ್ತದೆ. ಇನ್ನೊಂದು, ಅದರ ಟೂಲ್‌ಗಳೆಲ್ಲ ಹಿಡಿ ಬಿಚ್ಚದೆ ಹೊರಗಿನಿಂದಲೇ ತೆರೆಯುತ್ತವೆ, ತೆರೆದದ್ದು ಲಾಕ್ ಆಗುತ್ತದೆ. ವೇವ್‌ನಲ್ಲಿ ಚಾಕು, ಗರಗಸ, ಅರ ಹೊರಗೆ, ಸ್ಕ್ರೂಡ್ರೈವರ್ ಒಳಗೆ.

ವೇವ್ ಕಡಿಮೆ ಅಂತ ಹೇಳುತ್ತಿಲ್ಲ. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಲ್ಲೇ ಚಾಕು ಬಿಡಿಸಬೇಕಾದರೆ ಅದೇ ಮೇಲು, ಸ್ಪಿರಿಟ್‌ನ ಸಾಮಾನ್ಯ ಮಾದರಿಗೆ ಉಗುರು ಹಾಕಬೇಕು. ವೇವ್ ಪ್ಲಸ್‌ನ ವಯರ್ ಕಟರ್ ಸವೆದರೆ ಬದಲಿಸಬಹುದು, ಇದು ದೊಡ್ಡ ಅನುಕೂಲ. ಆದರೆ ಅದರ ಸ್ಕ್ರೂಡ್ರೈವರ್ ಬಿಟ್ ಚಪ್ಪಟೆ, ಅವರದ್ದೇ ಅಳತೆ. ದಕ್ಕೆಯ ನೀರಿಗೆ ಬಿದ್ದರೆ ಹಾರ್ಡ್‌ವೇರ್ ಅಂಗಡಿಯ ಆರು ಮೂಲೆಯ ಬಿಟ್ ಅಲ್ಲಿ ಕೂರುವುದಿಲ್ಲ. ಗ್ಯಾರಂಟಿ ಲೆದರ್‌ಮನ್‌ಗೆ 25 ವರ್ಷ. ವಿಕ್ಟೋರಿನಾಕ್ಸ್‌ನವರು ಉಕ್ಕಿನ ಮತ್ತು ತಯಾರಿಕೆಯ ದೋಷಕ್ಕೆ ಕಾಲಮಿತಿ ಇಟ್ಟಿಲ್ಲ, ಆದರೆ ಬಳಸಿ ಸವೆದದ್ದು ಅದರಲ್ಲಿ ಬರುವುದಿಲ್ಲ.

ಗರ್ಬರ್‌ನ ಮಲ್ಟಿ ಪ್ಲೈಯರ್ ಒಂದೇ ಕೈಯಲ್ಲಿ ಝಾಡಿಸಿದರೆ ದವಡೆ ಹೊರಗೆ ಜಾರಿ ಬರುತ್ತದೆ, ನೋಡಲು ಚಂದ. ಆ ಜಾರುವ ಹಾದಿಗೆ ನಮ್ಮ ಕಡಲ ಮರಳು, ಮೀನಿನ ಸಿಪ್ಪೆ ಹೊಕ್ಕರೆ ಕರಕರ ಅನ್ನುತ್ತದೆ. ನಿನಗೆ ಬೇಡ. ಹೆಸರಿಲ್ಲದ ಅಗ್ಗದ್ದೂ ಬೇಡ. ಲಾಕ್ ಸಡಿಲವಾಗಿ ಚಾಕು ಬೆರಳ ಮೇಲೆ ಮಡಚಿಕೊಂಡರೆ ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ.

ಇದೊಂದನ್ನು ಮಾತ್ರ ಮರೆಯಬೇಡ ಪುಟ್ಟ. ಇವು ಯಾವುದಕ್ಕೂ ಹಿಡಿಯಲ್ಲಿ ಇನ್ಸುಲೇಶನ್ ಇಲ್ಲ, ಇಡೀ ಮೈಯೇ ಉಕ್ಕು. ದಡದಿಂದ ಬೋಟಿಗೆ ಎಳೆದ 230 ವೋಲ್ಟ್ ವಯರಿಗೆ ಇದನ್ನು ತಾಗಿಸಲೇಬೇಡ, ಅದೂ ಒದ್ದೆ ಕಾಲಲ್ಲಿ. ಅದಕ್ಕೆ ತಪಾರಿಯಾ ಕಂಪನಿಯ ಇನ್ಸುಲೇಶನ್ ಇರುವ ಪ್ಲೈಯರ್ ಬೇರೆ ಇಟ್ಟುಕೋ, ಮೇನ್ ಸ್ವಿಚ್ ಆಫ್ ಮಾಡು, ಟೆಸ್ಟರ್ ಹಾಕಿ ನೋಡಿದ ಮೇಲೇ ಕೈ ಹಾಕು. ಬೋಟಿನ 24 ವೋಲ್ಟ್ ಬ್ಯಾಟರಿ ಶಾಕ್ ಹೊಡೆಯುವುದಿಲ್ಲ ಅಂತ ಸದರ ಮಾಡಬೇಡ. ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಕಿಡಿ ಹಾರಿ ಟೂಲ್ ಅಲ್ಲೇ ಬೆಸೆದುಕೊಳ್ಳುತ್ತದೆ, ಕೈ ಸುಡುತ್ತದೆ.

ಸಂಜೆ ಮನೆಗೆ ಬಂದಾಗ ಸಿಹಿನೀರಲ್ಲಿ ಎಲ್ಲ ಬಿಡಿಸಿ ತೊಳೆ, ಒರೆಸು, ಫ್ಯಾನಿನ ಕೆಳಗೆ ಇಡು, ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ. ತೆಂಗಿನೆಣ್ಣೆ ಹಾಕಬೇಡ, ಧೂಳು ಹಿಡಿದು ಜಿಡ್ಡಾಗುತ್ತದೆ. ಚರ್ಮದ ಪೌಚ್ ಮಳೆಗಾಲದಲ್ಲಿ ಬೂಸ್ಟು ಹಿಡಿದು ಒಳಗೇ ಪಸೆ ಇಟ್ಟುಕೊಳ್ಳುತ್ತದೆ, ನೈಲಾನಿನದ್ದೇ ತಗೋ. ಬಜಪೆಯಿಂದ ವಿಮಾನ ಹತ್ತುವ ದಿನ ಕೈಚೀಲದಲ್ಲಿ ಇಡಬೇಡ, ಚೆಕ್ ಇನ್ ಬ್ಯಾಗಿಗೆ ಹಾಕು, ಇಲ್ಲದಿದ್ದರೆ ಸೆಕ್ಯುರಿಟಿಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳು, ನಕಲಿ ತುಂಬಾ ಉಂಟು. ಅಂಗಡಿಯಲ್ಲಿ ಪ್ಲೈಯರ್ ಮುಚ್ಚಿ ಬೆಳಕಿಗೆ ಹಿಡಿದು ನೋಡು, ದವಡೆಯ ತುದಿಯಲ್ಲಿ ಸಂದು ಕಂಡರೆ ಬೇರೆ ಪೀಸ್ ಕೇಳು. ಅಕ್ಕನಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಸೋದರಮಾವ