ಟ್ರಾವೆಲ್ ಕಾರ್ಡ್ ತಗೊಳ್ಳೋಕೆ ಮುಂಚೆ ಒಂದ್ಸಲ ಇದನ್ನ ಓದಿ

ಎಲ್ರಿಗೂ ನಮಸ್ಕಾರ, ಪ್ರೀಮಿಯಂ ಟ್ರಾವೆಲ್ ಕ್ರೆಡಿಟ್ ಕಾರ್ಡಲ್ಲಿ ಯಾವ್ದು ತಗೊಳ್ಳೋದು ಅಂತ ತುಂಬಾ ಜನ ಕೇಳ್ತಿದೀರ, ಅದಕ್ಕೇ ಒಟ್ಟಿಗೆ ಬರೀತಿದೀನಿ. ವೆಲ್ಕಮ್ ಬೋನಸ್ (ಹೊಸದಾಗಿ ಕಾರ್ಡ್ ತಗೊಂಡೋರಿಗೆ ಕೊಡೋ ಬೋನಸ್) ನೋಡಿ ಮರುಳಾಗ್ಬೇಡಿ, ಅದು ಸಿಗೋದು ಒಂದೇ ಸಲ, ವಾರ್ಷಿಕ ಫೀ ಮಾತ್ರ ಪ್ರತಿ ವರ್ಷ ಕಟ್ಬೇಕು, ಹಾಗಾಗಿ ಎರಡನೇ ವರ್ಷ ಬೋನಸ್ ಇಲ್ದೇನೂ ಆ ಫೀ ಗಿಟ್ಟತ್ತಾ ಅಂತ ಲೆಕ್ಕ ಹಾಕಿ.

ಕಾರ್ಡಲ್ಲಿ ಖರ್ಚು ಮಾಡಿದ್ದಕ್ಕೆ ಪಾಯಿಂಟ್ ಎಷ್ಟು ಬರತ್ತೆ ಅನ್ನೋದಕ್ಕಿಂತ ಒಂದು ಪಾಯಿಂಟಿಗೆ ಬೆಲೆ ಎಷ್ಟು ಅನ್ನೋದೇ ಮುಖ್ಯ. ದುಡ್ಡು ಕೊಟ್ರೆ ಟಿಕೆಟ್ ಎಷ್ಟಾಗತ್ತೋ ಅದ್ರಲ್ಲಿ, ಪಾಯಿಂಟಲ್ಲಿ ತಗೊಂಡ್ರೂ ಕಟ್ಲೇಬೇಕಾದ ಟ್ಯಾಕ್ಸ್ ಕಳೀರಿ, ಉಳಿದಿದ್ದನ್ನ ಬೇಕಾಗೋ ಪಾಯಿಂಟಿಂದ ಭಾಗಿಸಿ, ಅಷ್ಟೇ. ವೋಚರಿಗೆ ಹಾಕಿದ್ರೆ ಸಾಮಾನ್ಯವಾಗಿ ಕಮ್ಮಿ, ಏರ್‌ಲೈನಿಗೆ ಟ್ರಾನ್ಸ್‌ಫರ್ ಮಾಡಿದ್ರೆ ಜಾಸ್ತಿ ಸಿಗಬಹುದು, ಆದ್ರೆ ದಯವಿಟ್ಟು ಸೀಟ್ ಇದೆಯಾ ನೋಡ್ಕೊಂಡೇ ಮಾಡಿ, ಒಮ್ಮೆ ಹೋದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಏರ್‌ಲೈನ್‌ಗಳ ಒಕ್ಕೂಟಗಳಾದ ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್ ಮೂರರಲ್ಲೂ ಒಂದೊಂದಾದ್ರೂ ಪಾರ್ಟ್‌ನರ್ ಏರ್‌ಲೈನ್ ಇರೋ ಕಾರ್ಡ್ ನನ್ನ ಪ್ರಕಾರ ಬೆಸ್ಟ್, ಯಾಕಂದ್ರೆ ಒಂದು ಏರ್‌ಲೈನಿನ ಮೈಲ್ಸಲ್ಲಿ (ಅಂದ್ರೆ ಆ ಏರ್‌ಲೈನಿನ ಪಾಯಿಂಟಲ್ಲಿ) ಅದೇ ಗುಂಪಿನ ಬೇರೆ ಏರ್‌ಲೈನ್ ಟಿಕೆಟ್ಟೂ ಬುಕ್ ಮಾಡಬಹುದು.

ಏರ್‌ಪೋರ್ಟ್ ಲೌಂಜಿಗೆ ವರ್ಷಕ್ಕೆ ಎಷ್ಟು ಸಲ ಫ್ರೀಯಾಗಿ ಹೋಗ್ಬಹುದು, ಜೊತೆಗೆ ಬರೋರಿಗೂ ಫ್ರೀನಾ ಅಂತ ನೋಡ್ಕೊಳ್ಳಿ. ಹೊರದೇಶದಲ್ಲಿ ಉಜ್ಜೋರಿಗೆ ಫಾರೆಕ್ಸ್ ಮಾರ್ಕಪ್ (ವಿದೇಶಿ ಕರೆನ್ಸಿ ಖರ್ಚಿನ ಮೇಲೆ ಬ್ಯಾಂಕ್ ಹಾಕೋ ಶುಲ್ಕ) ದೊಡ್ಡ ವಿಷ್ಯ, 3% ಮಾರ್ಕಪ್ ಕೊಟ್ಟು 2% ರಿವಾರ್ಡ್ ತಗೊಂಡ್ರೆ ನಷ್ಟಾನೇ. ಮಷೀನ್ ನಮ್ಮ ಕರೆನ್ಸಿನಾ ಅಲ್ಲಿನ ಕರೆನ್ಸಿನಾ ಅಂತ ಕೇಳಿದ್ರೆ ಅಲ್ಲಿನ ಕರೆನ್ಸಿನೇ ಒತ್ತಿ.

ತಿಂಗಳ ಬಿಲ್ ಪೂರ್ತಿ ಕಟ್ಟೋಕಾಗದೇ ಇರೋರು ಈ ಕಾರ್ಡ್‌ಗಳ ಸಹವಾಸಕ್ಕೇ ಹೋಗ್ಬೇಡಿ, ಬಡ್ಡಿ ಮುಂದೆ ಯಾವ ಪಾಯಿಂಟೂ ನಿಲ್ಲಲ್ಲ. ಯಾವ ಕಾರ್ಡ್ ಅಂತ ಕೇಳೋರು ನಿಮ್ಮ ಖರ್ಚು ಎಲ್ಲಿ ಜಾಸ್ತಿ ಅಂತ ಬರೀರಿ, ಕಾರ್ಡ್ ಫೋಟೋ, ನಂಬರ್ ಮಾತ್ರ ಗ್ರೂಪಲ್ಲಿ ಹಾಕ್ಬೇಡಿ.