ಕೌಂಟರಿನಲ್ಲಿ ಬಾಯಿಬಿಟ್ಟು ಹೇಳು

ಶಿರಸಿ

ಚಿ. ತಂಗಿಗೆ ಮಾವನ ಆಶೀರ್ವಾದಗಳು.

ಕಾರವಾರದ ಡಾಕ್ಟರು ನಿನಗೆ ಖಿನ್ನತೆ, ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಶುರುಮಾಡಿದ್ದಾರೆ ಎಂದು ನಿನ್ನ ಆಯಿ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು. ಗುಟ್ಟು ಮಾಡುವಂಥದ್ದೇನಿದೆ ಅದರಲ್ಲಿ? ಮೂವತ್ತು ವರ್ಷ ಮೆಡಿಕಲ್ ಶಾಪಿನಲ್ಲಿ ಕೂತವನು ನಾನು. ಈ ಊರಲ್ಲಿ ಯಾರ್ಯಾರು ಇಂಥ ಮಾತ್ರೆ ನುಂಗುತ್ತಾರೆಂದು ಗೊತ್ತಾದರೆ ನೀನು ಹುಬ್ಬೇರಿಸುತ್ತೀಯ. ಹೇಳುವುದಿಲ್ಲ ಬಿಡು.

ನನ್ನ ಹೆದರಿಕೆ ಆ ಮಾತ್ರೆಯದ್ದಲ್ಲ, ಅದರ ಜೊತೆ ಹೊಟ್ಟೆ ಸೇರುವ ಇನ್ನೊಂದರದ್ದು.

ಒಂದು ಮಳೆಗಾಲ. ತಿಂಗಳು ತಿಂಗಳೂ ನನ್ನಲ್ಲಿಂದ ನಿನ್ನ ಮಾತ್ರೆಯದೇ ಜಾತಿಯ ಸರ್ಟ್ರಾಲಿನ್ ಒಯ್ಯುತ್ತಿದ್ದ ಹೆಂಗಸೊಬ್ಬಳು ಬೇರೆ ಡಾಕ್ಟರ ಚೀಟಿ ತಂದಳು, ಸೊಂಟನೋವಿಗೆ ಟ್ರಮಡಾಲ್. ಕರೆಂಟಿರಲಿಲ್ಲ, ಅಂಗಡಿ ತುಂಬ ಜನ. ಕೊಟ್ಟು ಕಳಿಸಿದೆ. ರಾತ್ರಿ ಅವಳ ಗಂಡ ಬಂದು ಬಾಗಿಲು ಬಡಿದ. ಹೋಗಿ ನೋಡಿದರೆ ಸೀರೆಯೆಲ್ಲ ಬೆವರಿಗೆ ಒದ್ದೆ, ಮೈ ಕೆಂಡ, ಕಣ್ಣಿನ ಪಾಪೆ ಅರಳಿಬಿಟ್ಟಿದೆ. ಕೂತಲ್ಲಿ ಕೂರಲಾರಳು, ಕಾಲು ಗಡಗಡ. ಎರಡು ಸಲ ಭೇದಿಯೂ ಆಗಿತ್ತಂತೆ. ಮನೆಯವರು ಮಳೆಗಾಲದ ಜ್ವರವೆಂದು ಪ್ಯಾರಸಿಟಮಾಲ್ ಕೊಟ್ಟಿದ್ದರು. ಆ ಕಾವು ಅದಕ್ಕೆ ಬಗ್ಗುವುದಿಲ್ಲ; ಅದು ಸ್ನಾಯುಗಳು ಬಿಡುವಿಲ್ಲದೆ ಬಿಗಿದು ನಡುಗಿ ಹುಟ್ಟಿಸಿದ ಕಾವು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಅಂಗಾಲಿಗೆ ಕೈಕೊಟ್ಟು ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರು. ಪಾದ ತನ್ನಷ್ಟಕ್ಕೆ ಟಪಟಪ ಬಡಿದುಕೊಳ್ಳತೊಡಗಿತು, ಹೊಲಿಗೆ ಮಿಷನ್ನಿನ ಪೆಡಲಿನ ಹಾಗೆ. 'ಕ್ಲೋನಸ್' ಅಂದರು. ನನ್ನ ಕಡೆ ತಿರುಗಿ, 'ಏನೇನು ಔಷಧಿ ಹೋಗಿದೆ?' ಎಂದು ಕೇಳಿದರು. ಮಧ್ಯಾಹ್ನ ನಾನು ಕೇಳಬೇಕಿದ್ದ ಪ್ರಶ್ನೆ ಅದು.

ಇದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಅನ್ನುತ್ತಾರೆ. ನರಗಳ ನಡುವೆ ಸುದ್ದಿ ಮುಟ್ಟಿಸಿದ ಸೆರೊಟೋನಿನ್ ಕೆಲಸ ಮುಗಿದ ಮೇಲೆ ಬಂದಲ್ಲಿಗೇ ವಾಪಸ್ ಹೋಗಬೇಕು. ನಿನ್ನ ಮಾತ್ರೆ ಬೇಕೆಂದೇ ಆ ವಾಪಸ್ ದಾರಿಗೆ, ತೋಟದ ಬಸಿಗಾಲುವೆಗೆ ಹಾಕಿದ ಹಾಗೆ, ಅರ್ಧ ಕಟ್ಟೆ ಹಾಕುತ್ತದೆ, ಅದರಿಂದಲೇ ಗುಣ. ಟ್ರಮಡಾಲ್ ಬಂದು ಉಳಿದರ್ಧವನ್ನೂ ಮುಚ್ಚಿದರೆ ನೀರು ಮರದ ಬುಡಕ್ಕೇ ನಿಲ್ಲುತ್ತದೆ. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫನ್, ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್, ನೋವಿಗೆ ಕೊಡುವ ಪೆಥಿಡಿನ್ ಇಂಜೆಕ್ಷನ್ ಎಲ್ಲ ಒಂದಲ್ಲ ಒಂದು ದಾರಿಯಲ್ಲಿ ಇದೇ ಅಪಾಯ ತರುವಂಥವು. ಇವುಗಳಲ್ಲಿ ನನಗೆ ಹೆಚ್ಚು ಅನುಮಾನ ಸಿರಪ್ಪಿನ ಮೇಲೆ, ಯಾಕೆಂದರೆ ಅದನ್ನು ಯಾರೂ ಔಷಧಿಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅವಳಿಗೆ ಎರಡೂ ಮಾತ್ರೆ ನಿಲ್ಲಿಸಿ, ತಳಮಳ, ಬಿಗಿತ ಇಳಿಸುವ ಡಯಾಜೆಪಾಮ್ ಕೊಟ್ಟು, ಸಲೈನ್ ಏರಿಸಿ, ಒದ್ದೆ ಬಟ್ಟೆಯಿಂದ ಮೈ ತಣಿಸಿದರು. ಆಮೇಲೆ ಸೆರೊಟೋನಿನ್ನಿನ ಆಟಕ್ಕೆ ತಡೆಹಾಕುವ ಸೈಪ್ರೊಹೆಪ್ಟಡಿನ್ ಬೇಕೆಂದರು. ಊಟ ಸೇರದ ಮಕ್ಕಳಿಗೆ ಹಸಿವಾಗಲೆಂದು ಕೊಡುತ್ತಾರಲ್ಲ, ಅದೇ! ನನ್ನ ಅಂಗಡಿಗೇ ಓಡಿ ತಂದೆ. 4 ಮಿಲಿಗ್ರಾಂನ ಮೂರು ಮಾತ್ರೆ ಒಟ್ಟಿಗೇ ಕೊಟ್ಟರು. ಮಾರನೇ ಸಂಜೆ ಅವಳು ಗಂಜಿ ಕುಡಿದಳು. ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ವೆಂಟಿಲೇಟರ್‌ವರೆಗೂ ಹೋಗುತ್ತದೆ, ಜೀವಕ್ಕೂ ಬರುತ್ತದೆ. ಹಾಗಾಗಿ ಇದನ್ನೆಲ್ಲ ಮನೆಯಲ್ಲಿ ಮಾಡಿ ನೋಡಬೇಡ.

ಹೊಸ ಮಾತ್ರೆ ಸೇರಿದಾಗ, ಡೋಸ್ ಏರಿದಾಗ ಮೊದಲ ದಿನ ಮೈಮೇಲೆ ನಿಗಾ ಇರಲಿ. ಹೆಚ್ಚಿನವರಿಗೆ ಆರು ತಾಸಿನೊಳಗೇ ಕಾಣಿಸಿಕೊಳ್ಳುತ್ತದೆ. ನಡುಕ, ಬೆವರು, ತಳಮಳ ಮೂರೂ ಕೂಡಿ ಬಂದರೆ ಬೆಳಗಾಗಲಿ ಎಂದು ಕಾಯಬೇಡ, 108ಕ್ಕೆ ಫೋನ್ ಮಾಡು. ಮಾತ್ರೆಯ ಪಟ್ಟಿಗಳನ್ನೆಲ್ಲ ಕೈಯಲ್ಲೇ ಹಿಡಿದುಕೊಂಡು ಹೋಗು. ನಮ್ಮ ಹಾಗೆ ಘಟ್ಟದ ತಿರುವು ಸುತ್ತಬೇಕಿಲ್ಲ, ನಿನ್ನೂರಲ್ಲೇ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ.

ಇಷ್ಟು ಓದಿ ಗಾಬರಿಯಾಗಿ ಎಸ್ಸಿಟಾಲೋಪ್ರಾಮನ್ನು ನೀನಾಗೇ ಬಿಟ್ಟುಬಿಟ್ಟೀಯ, ಮತ್ತೆ! ಒಂದೇ ಮಾತ್ರೆ, ಹೇಳಿದ ಡೋಸು, ಅದರಿಂದ ಹೀಗಾಗುವುದು ಅಪರೂಪ. ಹಲ್ಲಿನ ಡಾಕ್ಟರಿರಲಿ, ಅಂಗಡಿಯ ಹುಡುಗನಿರಲಿ, ಇಂಥದ್ದು ತಗೊಳ್ತಿದ್ದೇನೆ ಎಂದು ಮೊದಲೇ ಹೇಳು. ಪಕ್ಕದವರು ಕೇಳಿಸಿಕೊಂಡಾರೆಂಬ ಸಂಕೋಚವಿದ್ದರೆ ಚೀಟಿಯಲ್ಲಿ ಬರೆದು ತೋರಿಸು. ಜನ ಮುಗಿಬಿದ್ದಾಗ ನನ್ನಂಥವನು ತಾನಾಗಿ ಕೇಳುವುದಿಲ್ಲ.

ಭಾನುವಾರ ಆ ಕಡೆ ಬರುವವರ ಕೈಯಲ್ಲಿ ತೊಡೆದೇವು ಕಳಿಸುತ್ತೇನೆ. ಅದು ಯಾವ ಮಾತ್ರೆಯ ಜೊತೆಗೂ ಜಗಳ ಆಡುವುದಿಲ್ಲ.

ಇಂತಿ,
ನಿನ್ನ ಮಾವ